ಬರ್ನ್‌ಔಟ್ ಸಿಕ್ಕಿದ್ದು ಬಡವರ ಕ್ಲಿನಿಕ್ಕಿನಲ್ಲಿ

1970ರ ದಶಕದ ಆರಂಭದಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಶ್ಲೇಷಕರು ಒಂದು ದಿನದೊಳಗೆ ಎರಡು ದಿನದ ಕೆಲಸ ಮಾಡುತ್ತಿದ್ದರು. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ನ್ಯೂಯಾರ್ಕಿನ ಅಪ್ಪರ್ ಈಸ್ಟ್ ಸೈಡಿನಲ್ಲಿ ಖಾಸಗಿ ಪ್ರಾಕ್ಟೀಸು. ಅದು ಉಳ್ಳವರ ಬಡಾವಣೆ. ಫೀಸು ತೆತ್ತು ಮನಸ್ಸಿನ ಗೋಜಲು ಬಿಡಿಸಿಕೊಳ್ಳಲು ಬರುವವರು ಅಲ್ಲಿನ ರೋಗಿಗಳು. ಸಂಜೆ ಬಾಗಿಲು ಹಾಕಿದ ಮೇಲೆ ಅವರು ಮನೆಯ ದಾರಿ ಹಿಡಿಯುತ್ತಿರಲಿಲ್ಲ. ಮ್ಯಾನ್‌ಹಟನ್ನಿನ ದಕ್ಷಿಣ ಭಾಗದ ಈಸ್ಟ್ ವಿಲೇಜಿಗೆ ಹೋಗುತ್ತಿದ್ದರು. ಅಲ್ಲಿ ಸೇಂಟ್ ಮಾರ್ಕ್ಸ್ ಎಂಬ ಉಚಿತ ಕ್ಲಿನಿಕ್ ಇತ್ತು. ಮನೆಬಿಟ್ಟು ಓಡಿಬಂದ ಹುಡುಗ ಹುಡುಗಿಯರು, ಹೆರಾಯಿನ್ ಚಟಕ್ಕೆ ಬಿದ್ದವರು, ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿದಾರೆಂದು ಹೆದರಿದವರು ಅಲ್ಲಿಗೆ ಬರುತ್ತಿದ್ದರು. ಅವರನ್ನು ನೋಡಿ ಮುಗಿಸುವಾಗ ರಾತ್ರಿ ಹನ್ನೊಂದು, ಹನ್ನೆರಡು. ಆಮೇಲೆ ಸಿಬ್ಬಂದಿಯ ಸಭೆ. ಮನೆ ಸೇರುವಾಗ ಎಷ್ಟೋ ಸಲ ಬೆಳಗಿನ ಜಾವ ಎರಡು ಗಂಟೆ. ಮತ್ತೆ ಎಂಟಕ್ಕೆ ಅಪ್ಪರ್ ಈಸ್ಟ್ ಸೈಡು.

ಈ ಉಚಿತ ಕ್ಲಿನಿಕ್‌ಗಳ ಹಿಂದೆ ಒಂದು ಚಳವಳಿ ಇತ್ತು. 1967ರಲ್ಲಿ ಡೇವಿಡ್ ಸ್ಮಿತ್ ಎಂಬ ಯುವ ವೈದ್ಯ ಸ್ಯಾನ್ ಫ್ರಾನ್ಸಿಸ್ಕೋದ ಹೇಟ್-ಆಶ್‌ಬರಿಯಲ್ಲಿ ಮೊದಲನೆಯದನ್ನು ತೆರೆದ. ಹಿಪ್ಪಿಗಳು ಸಾವಿರಗಟ್ಟಲೆ ಬಂದು ಸೇರಿದ್ದ ಪೇಟೆ ಅದು. ಆರೋಗ್ಯ ಸೇವೆ ಕೆಲವರ ಭಾಗ್ಯವಲ್ಲ, ಎಲ್ಲರ ಹಕ್ಕು ಎಂಬುದು ಆ ಕ್ಲಿನಿಕ್ಕಿನ ಘೋಷಣೆ. ಫ್ರಾಯ್ಡನ್‌ಬರ್ಗರ್ ಆ ದಶಕದ ಕೊನೆಯಲ್ಲಿ ಅಲ್ಲಿಗೆ ಹೋಗಿ ಕೆಲಸ ನೋಡಿ, ಅದೇ ಹುರುಪಿನಲ್ಲಿ ನ್ಯೂಯಾರ್ಕಿಗೆ ಮರಳಿ ಸೇಂಟ್ ಮಾರ್ಕ್ಸ್‌ಗೆ ದುಡಿಯತೊಡಗಿದರು. ಅಲ್ಲಿ ಸಂಬಳ ಎಂಬ ಮಾತಿಲ್ಲ. ವೈದ್ಯರು, ನರ್ಸುಗಳು, ವಿದ್ಯಾರ್ಥಿಗಳು, ಬೀದಿಯಿಂದಲೇ ಬಂದ ಹುಡುಗರು, ಎಲ್ಲರೂ ಸ್ವಯಂಸೇವಕರು.

ಈ ಮನುಷ್ಯನಿಗೆ ದುಡಿತದ ಹಟ ಎಲ್ಲಿಂದ ಬಂತೆಂದು ತಿಳಿಯಲು ಅವರ ಬಾಲ್ಯಕ್ಕೆ ಹೋಗಬೇಕು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಯಹೂದಿ ಮನೆಯಲ್ಲಿ ಹುಟ್ಟಿದವರು. ಹಿಟ್ಲರ್ ಅಧಿಕಾರಕ್ಕೆ ಬಂದಾಗ ಏಳು ತುಂಬಿರಲಿಲ್ಲ. ಇನ್ನೂ ಹುಡುಗನಾಗಿದ್ದಾಗಲೇ ತಂದೆಯ ಪಾಸ್‌ಪೋರ್ಟ್ ಹಿಡಿದು ಒಂಟಿಯಾಗಿ ಯುರೋಪಿನ ಊರುಗಳನ್ನು ದಾಟಿ ನ್ಯೂಯಾರ್ಕ್ ಸೇರಿದರು. ಆಸರೆ ಕೊಟ್ಟ ಬಂಧುಗಳ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಕೆಲಕಾಲ ಬೀದಿಯಲ್ಲೇ ಬದುಕಿದರು. ತಂದೆ ತಾಯಿ ಬಂದ ಮೇಲೆ ಸಂಸಾರ ಸಾಕಲು ಕಾರ್ಖಾನೆಯಲ್ಲಿ ಉಪಕರಣ ಮಾಡುವ ಕೆಲಸ ಕಲಿತರು. ರಾತ್ರಿ ಬ್ರೂಕ್ಲಿನ್ ಕಾಲೇಜು. ಅಲ್ಲಿ ಅಬ್ರಹಾಂ ಮ್ಯಾಸ್ಲೊ ಅವರ ಪಾಠ ಕೇಳಿ ಮನಶ್ಶಾಸ್ತ್ರದ ಕಡೆ ಹೊರಳಿದರು. 1956ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡಾಕ್ಟರೇಟು ಬಂತು. ಹಗಲು ಒಂದು ದುಡಿತ, ರಾತ್ರಿ ಇನ್ನೊಂದು ಎಂಬ ಪಾಳಿ ಹದಿಹರೆಯದಿಂದಲೇ ರೂಢಿಯಾಗಿತ್ತು.

ಒಂದು ರಜೆಗೆ ಹೆಂಡತಿ ಮಕ್ಕಳೊಂದಿಗೆ ಪ್ರವಾಸ ಹೋಗುವುದೆಂದು ತೀರ್ಮಾನವಾಯಿತು. ಟಿಕೆಟ್ಟೂ ತಂದಾಗಿತ್ತು. ಹೊರಡುವ ಬೆಳಗ್ಗೆ ಫ್ರಾಯ್ಡನ್‌ಬರ್ಗರ್ ಹಾಸಿಗೆಯಿಂದ ಏಳಲಾರದೆ ಹೋದರು. ಮಕ್ಕಳು ಕಾದರು, ವಿಮಾನ ಹೋಯಿತು, ಪ್ರವಾಸ ಕೆಟ್ಟಿತು. ಅವರು ದಿನ ಹೊರಳಿದರೂ ಮಲಗಿಯೇ ಇದ್ದರು. ನಿದ್ದೆ ತಿಳಿದ ಮೇಲೆ, ತಾನು ರೋಗಿಯಾಗಿದ್ದರೆ ತನ್ನನ್ನು ಹೇಗೆ ಕೇಳಿಸಿಕೊಳ್ಳುತ್ತಿದ್ದೆ ಎಂದು ಯೋಚಿಸಿ ಒಂದು ಉಪಾಯ ಹೂಡಿದರು. ಟೇಪ್ ರೆಕಾರ್ಡರ್ ಹಾಕಿಕೊಂಡು ಮನಸ್ಸಿಗೆ ಬಂದದ್ದನ್ನೆಲ್ಲ ಮಾತಾಡಿದರು. ಆಮೇಲೆ ಅದನ್ನೇ ಮತ್ತೆ ಹಾಕಿ, ಬೇರೆ ಯಾರದೋ ದನಿಯೆಂಬಂತೆ ಕೂತು ಕೇಳಿದರು.

ಸುಸ್ತು ಕೇಳಿಸೀತೆಂದು ಅವರಿಗೆ ಗೊತ್ತೇ ಇತ್ತು. ಅಷ್ಟು ಸಿಟ್ಟು ಇದ್ದೀತೆಂದು ಗೊತ್ತಿರಲಿಲ್ಲ. ಸಹಾಯ ಮಾಡಲು ಹೋದವರ ಮೇಲೆ, ಜೊತೆಯವರ ಮೇಲೆ, ತನ್ನ ಮೇಲೆ ಸಿಟ್ಟು. ಅದರ ಕೆಳಗೆ ಮನೆಯವರಿಗೆ ಅನ್ಯಾಯ ಮಾಡಿದೆನೆಂಬ ಅಪರಾಧಿ ಭಾವ. ಈ ಪ್ರಸಂಗವನ್ನು ಅವರು ಮುಂದೆ 1980ರಲ್ಲಿ ಬರೆದ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ವಿಜ್ಞಾನದ ಇತಿಹಾಸದಲ್ಲಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡವರು ಬಹಳ ಮಂದಿ ಇದ್ದಾರೆ. ಇಲ್ಲಿ ಪ್ರಯೋಗ ಮುಗಿದಿತ್ತು. ಅದರ ಫಲಿತಾಂಶವನ್ನು ಓದಿಕೊಳ್ಳುವ ಕೆಲಸವಷ್ಟೇ ಬಾಕಿ ಇತ್ತು.

ಅದಕ್ಕೊಂದು ಹೆಸರು ಬೇಕಿತ್ತು. ಅದನ್ನು ಅವರು ಹೊಸದಾಗಿ ಕಟ್ಟಲಿಲ್ಲ. ‘ಬರ್ನ್ ಔಟ್’ ಇಂಗ್ಲಿಷಿನಲ್ಲಿ ಬಲು ಹಳೆಯ ಜೋಡಿ ಕ್ರಿಯಾಪದ. ಬಲ್ಬಿನ ತಂತಿ ಬರ್ನ್ ಔಟ್ ಆಗುತ್ತಿತ್ತು, ಮೋಟಾರು ಆಗುತ್ತಿತ್ತು, ಇಂಧನ ಮುಗಿದ ರಾಕೆಟ್ಟಿಗೂ ಅದೇ ಮಾತು. ಈಸ್ಟ್ ವಿಲೇಜಿನ ಬೀದಿ ಭಾಷೆಯಲ್ಲಿ ಅದು ಮಾದಕ ವಸ್ತುವಿಗೆ ಸೋತು ಪೂರಾ ಹಾಳಾದವನನ್ನು ಕರೆಯುವ ಪದವಾಗಿತ್ತು. ಕ್ಲಿನಿಕ್ಕಿಗೆ ಬಂದ ವ್ಯಸನಿಗಳು ಸಿಗರೇಟು ಹಚ್ಚಿಕೊಂಡು, ಸೇದುವುದನ್ನೂ ಮರೆತು, ಅದು ತಾನಾಗಿ ಉರಿದು ಮುಗಿಯುವವರೆಗೆ ಶೂನ್ಯದಲ್ಲಿ ಕಣ್ಣು ನೆಟ್ಟು ಕೂತಿರುತ್ತಿದ್ದರು, ಅದನ್ನು ನೋಡಿಯೇ ಫ್ರಾಯ್ಡನ್‌ಬರ್ಗರ್‌ಗೆ ಪದ ಹೊಳೆಯಿತು ಎಂಬ ಕತೆಯೂ ಇದೆ. ಕತೆ ಚೆನ್ನಾಗಿದೆ, ತೀರ ಚೆನ್ನಾಗಿರುವುದೇ ಅನುಮಾನಕ್ಕೆ ಕಾರಣ. ನಂಬಲು ಸುಲಭವಾದದ್ದು ಬೇರೆ ಸಂಗತಿ: ರೋಗಿಗಳಿಗೆ ಬಳಸುತ್ತಿದ್ದ ಪದವನ್ನು ಅಲ್ಲಿನ ಸೇವಕರು ಯಾವಾಗಲೋ ತಮ್ಮ ಬಗ್ಗೆಯೇ ಬಳಸತೊಡಗಿದ್ದರು.

ಸಾಹಿತ್ಯದಲ್ಲಿ ಆ ಪದ ಇನ್ನೊಂದು ದಾರಿಯಿಂದ ಬಂದಿತ್ತು. ಕಾದಂಬರಿಕಾರ ಗ್ರಹಾಂ ಗ್ರೀನ್ 1959ರಲ್ಲಿ ಬೆಲ್ಜಿಯನ್ ಕಾಂಗೋದ ಕುಷ್ಠರೋಗಿಗಳ ಆಸ್ಪತ್ರೆಯೊಂದಕ್ಕೆ ಹೋಗಿ ತಂಗಿದ್ದ. ‘ಎ ಬರ್ನ್ಟ್-ಔಟ್ ಕೇಸ್’ ಎಂಬ ಅವನ ಕಾದಂಬರಿ ಹುಟ್ಟಿದ್ದು ಅಲ್ಲಿಂದ. ಕೈಕಾಲ ಬೆರಳುಗಳನ್ನು ತಿಂದು ಮುಗಿಸಿದ ಮೇಲೆ ಕಾಯಿಲೆ ತಾನೇ ಆರಿಹೋದ ರೋಗಿಯನ್ನು ಅಲ್ಲಿನ ವೈದ್ಯರು ಹಾಗೆ ಕರೆಯುತ್ತಿದ್ದರು. ರೋಗ ಹೋಗಿದೆ, ಹೋದ ಬೆರಳು ಬರುವುದಿಲ್ಲ. ಕಾದಂಬರಿಯ ಕ್ವೆರಿ ಎಂಬ ಪ್ರಖ್ಯಾತ ವಾಸ್ತುಶಿಲ್ಪಿಯ ಸ್ಥಿತಿಯೂ ಹಾಗೆಯೇ: ಕೀರ್ತಿ ಇದೆ, ಕಸುಬಿನ ಮೇಲೆ ಆಸೆ ಸತ್ತಿದೆ, ಯಾರ ಮೇಲೂ ಪ್ರೀತಿ ಉಳಿದಿಲ್ಲ.

1969ರಲ್ಲಿ ಹೆರಾಲ್ಡ್ ಬ್ರಾಡ್ಲಿ ಎಂಬವರು ತಪ್ಪಿತಸ್ಥ ತರುಣರ ಸುಧಾರಣೆಯ ಬಗ್ಗೆ ಬರೆದ ಲೇಖನದಲ್ಲಿ ಸಿಬ್ಬಂದಿ ಬರ್ನ್ ಔಟ್ ಆಗುವುದನ್ನು ಹೇಳಿದ್ದರು. ಕೆಲಸದ ಕುರಿತ ಬರಹದಲ್ಲಿ ಈ ಪದ ಈ ಅರ್ಥದಲ್ಲಿ ಬಂದ ಮೊದಲ ಉದಾಹರಣೆ ಎಂದು ಸಾಮಾನ್ಯವಾಗಿ ಅದನ್ನೇ ತೋರಿಸುತ್ತಾರೆ. ಇನ್ನೂ ಹಿಂದೆ ಹೋದರೆ, ಸರಿಯಾಗಿ ನೂರು ವರ್ಷ ಮೊದಲು, 1869ರಲ್ಲಿ, ಅದೇ ನ್ಯೂಯಾರ್ಕಿನ ಜಾರ್ಜ್ ಬಿಯರ್ಡ್ ಎಂಬ ವೈದ್ಯ ನರಶಕ್ತಿ ಬತ್ತುವ ಕಾಯಿಲೆಗೆ ‘ನ್ಯೂರಸ್ತೇನಿಯಾ’ ಎಂದು ಹೆಸರಿಟ್ಟು, ರೈಲು, ತಂತಿ, ಪತ್ರಿಕೆಗಳ ಗಡಿಬಿಡಿ ಇದಕ್ಕೆ ಕಾರಣ ಎಂದಿದ್ದ. ಅವನ ಕಾಯಿಲೆ ತಲೆಯಿಂದ ದುಡಿಯುವ ಸಿರಿವಂತರಿಗೆ ಬರುವಂಥದ್ದು, ಒಂದು ಬಗೆಯ ಪ್ರತಿಷ್ಠೆಯೇ ಆಗಿತ್ತು. ಈ ಸಂಗತಿ ನೆನಪಿರಲಿ, ಮುಂದೆ ಬರ್ನ್‌ಔಟಿಗೂ ಇದೇ ಗತಿ ಬರುತ್ತದೆ.

ಫ್ರಾಯ್ಡನ್‌ಬರ್ಗರ್ ಅವರ ಲೇಖನ 1974ರಲ್ಲಿ ‘ಜರ್ನಲ್ ಆಫ್ ಸೋಷಿಯಲ್ ಇಶ್ಯೂಸ್’ ಪತ್ರಿಕೆಯಲ್ಲಿ ಬಂತು. ಉಚಿತ ಕ್ಲಿನಿಕ್‌ಗಳ ಬಗ್ಗೆ ಅವರೇ ಸಂಪಾದಿಸಿದ ವಿಶೇಷ ಸಂಚಿಕೆ ಅದು. ಲೇಖನ ಬರೀ ಏಳು ಪುಟ. ಅಂಕಿಸಂಖ್ಯೆ ಇಲ್ಲ, ಪ್ರಯೋಗ ಇಲ್ಲ, ಕೋಷ್ಟಕ ಇಲ್ಲ. ಇದನ್ನು ಕಂಡುಹಿಡಿದವನು ನಾನೆಂಬ ಠೀವಿಯೂ ಇಲ್ಲ. ಕ್ಲಿನಿಕ್ಕುಗಳಲ್ಲಿ ದುಡಿಯುತ್ತಿದ್ದ ನಾವು ಕೆಲವರು ಹೀಗೊಂದು ಇದೆಯೆಂದು ಮಾತಾಡಿಕೊಳ್ಳುತ್ತಿದ್ದೆವು, ನನಗೂ ಅದು ಆಗಿ ಹೋದ ಮೇಲೆ ನಾನು ಪ್ರಶ್ನೆ ಕೇಳತೊಡಗಿದೆ ಎಂಬ ಧಾಟಿ. ನಿಘಂಟು ತೆರೆದು ಆ ಕ್ರಿಯಾಪದದ ಅರ್ಥ ನೋಡುತ್ತಾರೆ: ಶಕ್ತಿಯ ಮೇಲೆ ಮಿತಿಮೀರಿ ಹೊರೆ ಹೇರಿ ಸೋಲುವುದು, ಸವೆಯುವುದು, ಬರಿದಾಗುವುದು. ಅಲ್ಲಿಂದ ನೇರ ತಾನು ಕಂಡದ್ದಕ್ಕೆ ಬರುತ್ತಾರೆ.

ಕಂಡದ್ದನ್ನು ಹೇಳುವಲ್ಲಿ ಅವರ ಕಣ್ಣು ಎಷ್ಟು ಚುರುಕೆಂದು ಗೊತ್ತಾಗುತ್ತದೆ. ಕೆಲಸಕ್ಕೆ ಸೇರಿ ಸುಮಾರು ವರ್ಷವಾದ ಮೇಲೆ ಇದು ಶುರುವಾಗುತ್ತದೆ. ಹಿಡಿದ ನೆಗಡಿ ಬಿಡುವುದಿಲ್ಲ, ಮತ್ತೆ ಮತ್ತೆ ತಲೆನೋವು, ಹೊಟ್ಟೆ ಕೆಡುವುದು, ನಿದ್ದೆ ಬಾರದಿರುವುದು, ಉಸಿರು ಕಟ್ಟಿದಂತಾಗುವುದು. ಇಷ್ಟು ದೇಹದ್ದು. ಇನ್ನು ಮನಸ್ಸಿನದು: ಒಂದು ಮಾತು ಸಾಕು, ಸಿಟ್ಟು ನೆತ್ತಿಗೇರುತ್ತದೆ. ಜೊತೆಯವರೆಲ್ಲ ತನ್ನ ವಿರುದ್ಧ ಪಿತೂರಿ ಮಾಡುತ್ತಿದ್ದಾರೆಂಬ ಗುಮಾನಿ ಬರುತ್ತದೆ. ಹೊಸಬರ ಹೊಸ ಯೋಚನೆಯನ್ನು, ಅದೆಲ್ಲ ಆಗುವ ಮಾತಲ್ಲ ಎಂದು ಮೊದಲೇ ತಳ್ಳಿಹಾಕುವವನು ಇವನು. ಖಿನ್ನತೆಗೆ ಬಿದ್ದವನಂತೆ ಕಾಣುತ್ತಾನೆ. ಎಲ್ಲಕ್ಕಿಂತ ಮುಖ್ಯ ಇನ್ನೊಂದು ಗುರುತು: ಅವನು ಕ್ಲಿನಿಕ್ಕಿನಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಇರುತ್ತಾನೆ, ಮೊದಲಿಗಿಂತ ಕಡಿಮೆ ಕೆಲಸ ಆಗುತ್ತದೆ. ಬರಿಯ ಆಯಾಸಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲೇ. ಆಯಾಸವಾದವನು ಮನೆಗೆ ಹೋಗುತ್ತಾನೆ. ಇವನದು ಎಣ್ಣೆ ತೀರಿದ ಮೇಲೂ ಆರದೆ ಬತ್ತಿಯನ್ನೇ ಸುಟ್ಟುಕೊಳ್ಳುವ ದೀಪದ ಪಾಡು.

ಯಾರಿಗೆ ಹೀಗಾಗುತ್ತದೆ? ಮೈಗಳ್ಳರಿಗಲ್ಲ, ನಿಷ್ಠೆಯಿಂದ ದುಡಿಯುವವರಿಗೆ ಎಂದು ಅವರು ಬರೆದರು. ಉಚಿತ ಕ್ಲಿನಿಕ್ಕು, ವ್ಯಸನಮುಕ್ತಿ ಕೇಂದ್ರ, ಸಹಾಯವಾಣಿ, ಹೆಂಗಸರ ಕ್ಲಿನಿಕ್ಕು, ಮನೆಬಿಟ್ಟು ಬಂದ ಮಕ್ಕಳ ವಸತಿ, ಇವೇ ಅವರು ಪಟ್ಟಿ ಮಾಡಿದ ಜಾಗಗಳು. ಮೂರು ಕಡೆಯಿಂದ ಒತ್ತಡ: ಬರುವ ನೊಂದವರ ಬೇಡಿಕೆ, ನಡೆಸುವವರ ಬೇಡಿಕೆ, ತನ್ನೊಳಗೇ ಇರುವ ಕೊಡಬೇಕೆಂಬ ತುಡಿತ.

ಪರಿಹಾರವೆಂದು ಅವರು ಕೊಟ್ಟ ಸಲಹೆಗಳನ್ನು ಇವತ್ತು ಓದಿದರೆ ಅಚ್ಚರಿಯಾಗುತ್ತದೆ. ಒಬ್ಬನನ್ನೇ ಮತ್ತೆ ಮತ್ತೆ ಅದೇ ಕಠಿಣ ಕೆಲಸಕ್ಕೆ ಹಾಕಬೇಡಿ, ಸರದಿ ಬದಲಿಸಿ. ಕೆಲಸದ ಗಂಟೆಗಳಿಗೆ ಮಿತಿ ಹಾಕಿ. ಜನ ಸಾಲದಿದ್ದರೆ ಇನ್ನಷ್ಟು ಜನರನ್ನು ತನ್ನಿ. ಸುಟ್ಟುಹೋದವನಿಗೆ ರಜೆ ಕೊಟ್ಟು ಕಳಿಸಿ, ಜೊತೆಯವರು ಅವನ ಕೆಲಸ ಹಂಚಿಕೊಳ್ಳಿ. ಮೈ ಬೆವರುವಂಥ ವ್ಯಾಯಾಮ ಮಾಡಿ ಎಂಬ ಒಂದು ಮಾತು ಬಿಟ್ಟರೆ ಹೆಚ್ಚಿನವೆಲ್ಲ ಸಂಸ್ಥೆಗೆ ಹೇಳಿದ್ದು, ವ್ಯಕ್ತಿಗಲ್ಲ. ಅವನ್ನು ಬರೆದವರೇ ಆಮೇಲೆ ಮರೆತರೆಂದು ನನಗೆ ಅನಿಸುವುದುಂಟು.

ಇತ್ತ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಅದೇ ಹೊತ್ತಿಗೆ ಇನ್ನೊಬ್ಬರು ಅದೇ ವಸ್ತುವಿನ ಹತ್ತಿರ ಬರುತ್ತಿದ್ದರು, ಫ್ರಾಯ್ಡನ್‌ಬರ್ಗರ್ ಯಾರೆಂದು ತಿಳಿಯದೆ. ಕ್ರಿಸ್ಟಿನಾ ಮ್ಯಾಸ್ಲಾಕ್ 1971ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರೇಟ್ ಮುಗಿಸಿ ಬರ್ಕ್ಲಿಯಲ್ಲಿ ಪಾಠ ಮಾಡಲು ಹೊರಟಿದ್ದ ತರುಣಿ. ಆ ಆಗಸ್ಟಿನಲ್ಲಿ ಅವರ ಗೆಳೆಯ ಫಿಲಿಪ್ ಜಿಂಬಾರ್ಡೊ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಒಂದು ನಕಲಿ ಜೈಲು ಕಟ್ಟಿ, ಕಾಲೇಜು ಹುಡುಗರಲ್ಲಿ ಕೆಲವರನ್ನು ಕೈದಿಗಳೆಂದೂ ಕೆಲವರನ್ನು ಕಾವಲುಗಾರರೆಂದೂ ಮಾಡಿದ್ದ. ಎರಡು ವಾರದ ಪ್ರಯೋಗ. ಐದನೆಯ ರಾತ್ರಿ ಮ್ಯಾಸ್ಲಾಕ್ ನೋಡಲು ಹೋದರು. ತಲೆಗೆ ಚೀಲ ಹಾಕಿ, ಕಾಲಿಗೆ ಸರಪಳಿ ಬಿಗಿದು ಹುಡುಗರನ್ನು ಸಾಲಾಗಿ ಶೌಚಕ್ಕೆ ನಡೆಸಿಕೊಂಡು ಹೋಗುತ್ತಿದ್ದುದು ಕಣ್ಣಿಗೆ ಬಿತ್ತು. ಅಲ್ಲಿದ್ದವರಿಗೆ ಅದು ಆಗಲೇ ಮಾಮೂಲಾಗಿತ್ತು. ಮ್ಯಾಸ್ಲಾಕ್ ಆ ರಾತ್ರಿ ಜಿಂಬಾರ್ಡೊ ಜೊತೆ ಜಗಳ ಕಾದರು. ಮರುದಿನ, ಆರನೆಯ ದಿನ, ಪ್ರಯೋಗ ನಿಂತಿತು. ಮುಂದಿನ ವರ್ಷ ಇಬ್ಬರೂ ಮದುವೆಯಾದರು. ಪ್ರಯೋಗದ ಬಗ್ಗೆ ನಂತರ ಎದ್ದ ತಕರಾರುಗಳು ಹಲವು, ಅವು ಬೇರೆ ಲೇಖನಕ್ಕೆ. ಇಲ್ಲಿ ಬೇಕಾದದ್ದು ಮ್ಯಾಸ್ಲಾಕ್ ಜೊತೆ ಬರ್ಕ್ಲಿಗೆ ಹೋದ ಪ್ರಶ್ನೆ: ಒಳ್ಳೆಯವರೇ ಆದವರು ಎದುರಿಗಿರುವ ಮನುಷ್ಯನನ್ನು ಮನುಷ್ಯನೆಂದು ನೋಡುವುದನ್ನು ಬಿಡುವುದು ಹೇಗೆ?

ಅದನ್ನು ಅವರು ನಕಲಿ ಜೈಲಿನಲ್ಲಿ ಹುಡುಕಲಿಲ್ಲ. ದಿನವೂ ಜನರ ಸಂಕಟದ ನಡುವೆ ದುಡಿಯುವವರನ್ನು ಹುಡುಕಿಕೊಂಡು ಹೋದರು. ತುರ್ತು ವಿಭಾಗದ ವೈದ್ಯರು, ಮನೋರೋಗದ ವಾರ್ಡಿನ ನರ್ಸುಗಳು, ಸಮಾಜ ಕಾರ್ಯಕರ್ತರು, ನಿಜವಾದ ಜೈಲಿನ ಕಾವಲುಗಾರರು, ಶಿಶುವಿಹಾರದ ಸಿಬ್ಬಂದಿ. ನಿಮ್ಮ ಮನಸ್ಸಿನ ಕಳವಳವನ್ನು ಹೇಗೆ ನಿಭಾಯಿಸುತ್ತೀರಿ ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳು ಒಂದೇ ಬಗೆಯವು. ರೋಗಿಯ ಹೆಸರು ಬಾಯಿಗೆ ಬರುವುದಿಲ್ಲ, ಅವನ ಕಾಯಿಲೆಯೇ ಅವನ ಹೆಸರು. ಕಷ್ಟ ಹೇಳಿಕೊಳ್ಳಲು ಬಂದ ಹೆಂಗಸು ಕಡತದ ಒಂದು ಸಂಖ್ಯೆ. ಅಣಕದ ಮಾತು, ಮುಖ ತಪ್ಪಿಸುವುದು. ಮೊದಮೊದಲು ತಮ್ಮನ್ನು ಕಾಪಾಡಿಕೊಳ್ಳಲು ಹಾಕಿಕೊಂಡ ಅಂತರ ಆಮೇಲೆ ತಾತ್ಸಾರವಾಗಿ ಬೆಳೆದಿತ್ತು. ಹೇಳಿಕೊಂಡ ಮೇಲೆ ಎಷ್ಟೋ ಮಂದಿ, ಹೀಗಾಗುವುದು ನನಗೊಬ್ಬನಿಗೇ ಎಂದುಕೊಂಡಿದ್ದೆ ಎಂದರಂತೆ. ಯಾರೂ ಇದನ್ನು ಸಹೋದ್ಯೋಗಿಯ ಎದುರು ಬಾಯಿಬಿಟ್ಟು ಹೇಳಿರಲಿಲ್ಲ.

ತಾನು ಕಂಡದ್ದನ್ನು ಒಮ್ಮೆ ಒಬ್ಬ ವಕೀಲರಿಗೆ ವಿವರಿಸುತ್ತಿದ್ದಾಗ ಅವರು, ಬಡವರ ಪರ ವಾದಿಸುವ ವಕೀಲರಲ್ಲೂ ಇದೇ ಆಗುತ್ತದೆ, ನಾವದನ್ನು ಬರ್ನ್‌ಔಟ್ ಅನ್ನುತ್ತೇವೆ ಎಂದರು. ಹಾಗೆ ಮ್ಯಾಸ್ಲಾಕ್‌ಗೆ ಹೆಸರು ಸಿಕ್ಕಿತು. ಮುಂದಿನ ಸಂದರ್ಶನಗಳಲ್ಲಿ ಆ ಪದ ಹೇಳಿದ ತಕ್ಷಣ ಎದುರಿನವರಿಗೆ ಅರ್ಥವಾಗುತ್ತಿತ್ತು. ಪಶ್ಚಿಮದಲ್ಲೂ ಪೂರ್ವದಲ್ಲೂ ಪದ ಸಿಕ್ಕಿದ್ದು ಬಡವರಿಗಾಗಿ ದುಡಿಯುವವರ ಬಾಯಲ್ಲಿ. ಇದನ್ನು ಕಾಕತಾಳೀಯ ಅನ್ನಲಾರೆ. ಎಲ್ಲಿ ಬರುವವರಿಗೆ ಕೊನೆಯಿಲ್ಲವೋ, ಕೊಡಲು ಇರುವುದು ಸ್ವಲ್ಪವೋ, ಆಗುವುದಿಲ್ಲ ಹೋಗಿ ಅನ್ನಲು ಮನಸ್ಸು ಒಪ್ಪುವುದಿಲ್ಲವೋ, ಅಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ.

1976ರಲ್ಲಿ ‘ಹ್ಯೂಮನ್ ಬಿಹೇವಿಯರ್’ ಎಂಬ ಜನಪ್ರಿಯ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಓದುಗರ ಪತ್ರಗಳು ರಾಶಿ ಬಿದ್ದವು. ಮರುವರ್ಷ ಆಯಾಲಾ ಪೈನ್ಸ್ ಜೊತೆ ಸೇರಿ ಶಿಶುವಿಹಾರಗಳ ಬಗ್ಗೆ ಬರೆದರು. ಒಬ್ಬೊಬ್ಬರ ಪಾಲಿಗೆ ಹೆಚ್ಚು ಮಕ್ಕಳಿದ್ದ ಕಡೆ ಸಿಬ್ಬಂದಿ ಬೇಗ ಬಾಡುತ್ತಿದ್ದರು. ಮನಸ್ಸು ಕೆಟ್ಟಾಗ ಸ್ವಲ್ಪ ಹೊತ್ತು ಮಕ್ಕಳನ್ನು ಜೊತೆಯವರಿಗೆ ಒಪ್ಪಿಸಿ ಬೇರೆ ಕೆಲಸಕ್ಕೆ ಕೂರಲು ಬಿಡುತ್ತಿದ್ದ ಕಡೆ ಬಾಳಿಕೆ ಬರುತ್ತಿದ್ದರು. ಮನುಷ್ಯರು ಒಂದೇ ಬಗೆಯವರು, ಏರ್ಪಾಡು ಬೇರೆ, ಫಲ ಬೇರೆ.

ಪತ್ರಗಳು ಬಂದರೂ ಪಂಡಿತರು ಒಪ್ಪಲಿಲ್ಲ. ಬೀದಿಯ ಮಾತನ್ನು ಶಾಸ್ತ್ರ ಮಾಡಬೇಕಾದರೆ ಅಳೆದು ತೋರಿಸಬೇಕು. ಸೂಸನ್ ಜ್ಯಾಕ್ಸನ್ ಜೊತೆ ಸೇರಿ ಮ್ಯಾಸ್ಲಾಕ್ ಒಂದು ಪ್ರಶ್ನಾವಳಿ ಕಟ್ಟಿದರು: 22 ಹೇಳಿಕೆಗಳು. ಬೆಳಗ್ಗೆ ಎದ್ದು ಇನ್ನೊಂದು ದಿನದ ಕೆಲಸ ನೆನೆದಾಗಲೇ ದಣಿವಾಗುವುದೇ, ಎದುರಿನವರಿಗೆ ಏನಾದರೇನು ಅನಿಸುವುದೇ, ಈ ಕೆಲಸದಿಂದ ಏನಾದರೂ ಸಾಧಿಸಿದೆ ಅನಿಸಿದೆಯೇ ಎಂಬ ಜಾತಿಯವು. ಎಂದೂ ಇಲ್ಲ ಎಂಬುದಕ್ಕೆ ಸೊನ್ನೆ, ದಿನವೂ ಎಂಬುದಕ್ಕೆ ಆರು. ಉತ್ತರಗಳು ಮೂರು ಗುಂಪಾಗಿ ಒಡೆದುಕೊಂಡವು: ಭಾವ ಬತ್ತುವುದು, ಜನರಿಂದ ದೂರವಾಗುವುದು, ತನ್ನ ಕೈಲಿ ಏನೂ ಆಗದೆಂಬ ಭಾವನೆ. ಲೇಖನವನ್ನು ಕೆಲವು ಪತ್ರಿಕೆಗಳು ಓದದೆಯೇ ಹಿಂದಿರುಗಿಸಿದವು. ಜನಪ್ರಿಯ ಮನಶ್ಶಾಸ್ತ್ರವನ್ನು ನಾವು ಅಚ್ಚು ಹಾಕುವುದಿಲ್ಲ ಎಂಬ ಕಾರಣ. ಕೊನೆಗೆ 1981ರಲ್ಲಿ ಪ್ರಕಟವಾಯಿತು. ಇವತ್ತು ಬರ್ನ್‌ಔಟ್ ಕುರಿತ ಸಂಶೋಧನೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಳತೆಗೋಲು ಅದೇ.

ಈ ನಡುವೆ ಪದ ಮೇಲಂತಸ್ತಿಗೆ ಹತ್ತಿತ್ತು. ಫ್ರಾಯ್ಡನ್‌ಬರ್ಗರ್ ಲೇಖನ ಬಂದ 1974ರಲ್ಲೇ ಸಿಗ್ಮಂಡ್ ಗಿನ್ಸ್‌ಬರ್ಗ್ ಎಂಬವರು ಸಿಬ್ಬಂದಿ ನಿರ್ವಹಣೆಯ ಪತ್ರಿಕೆಯೊಂದರಲ್ಲಿ ಬರ್ನ್ ಔಟ್ ಆದ ಮ್ಯಾನೇಜರುಗಳ ಬಗ್ಗೆ ಬರೆದಿದ್ದರು. 1980ರಲ್ಲಿ ಫ್ರಾಯ್ಡನ್‌ಬರ್ಗರ್ ಅವರ ಪುಸ್ತಕ ಬಂದಾಗ ಅದರ ಉಪಶೀರ್ಷಿಕೆಯಲ್ಲಿದ್ದ ಮಾತು ದೊಡ್ಡ ಸಾಧನೆಯ ದೊಡ್ಡ ಬೆಲೆ ಎಂಬ ಅರ್ಥದ್ದು. ಸೇಂಟ್ ಮಾರ್ಕ್ಸ್‌ನ ಸ್ವಯಂಸೇವಕರು ಹಿಂದಕ್ಕೆ ಸರಿದು, ಹೆಚ್ಚು ಗಳಿಸಿ, ಹೆಚ್ಚು ಏರಿ, ಒಳಗೆ ಟೊಳ್ಳಾದ ಸಾಧಕರು ಮುಂದೆ ಬಂದರು. ಬೆಳಗಿನ ಪ್ರಾಕ್ಟೀಸಿನ ರೋಗಿಗಳು ರಾತ್ರಿಯ ಕ್ಲಿನಿಕ್ಕಿನವರ ಹೆಸರನ್ನು ಇಟ್ಟುಕೊಂಡಂತಾಯಿತು. ಇದರಲ್ಲಿ ಮೋಸವೇನಿಲ್ಲ, ಅವರೂ ನೋಯುತ್ತಿದ್ದದ್ದು ನಿಜ. ಆದರೆ ಪರಿಹಾರದ ದಿಕ್ಕು ತಿರುಗಿತು. ಸರದಿ ಬದಲಿಸಿ, ಜನ ಹೆಚ್ಚಿಸಿ ಎಂದಿದ್ದವರು ಈಗ, ನಿಮ್ಮನ್ನು ನೀವು ಅರಿತುಕೊಳ್ಳಿ, ಆಪ್ತರಿಗೆ ಹತ್ತಿರವಾಗಿ ಎನ್ನುವ ಕಡೆಗೆ ವಾಲಿದರು. ಬಿಯರ್ಡನ ನ್ಯೂರಸ್ತೇನಿಯಾದ ಹಾಗೆಯೇ ಬರ್ನ್‌ಔಟ್ ಕೂಡ ನಾನು ಕಷ್ಟಪಟ್ಟು ದುಡಿದಿದ್ದೇನೆ ಎಂಬುದರ ಪದಕವಾಯಿತು. ಫ್ರಾಯ್ಡನ್‌ಬರ್ಗರ್ ತಾವೇ ತಮ್ಮ ಸಲಹೆಯನ್ನು ಪಾಲಿಸಿದವರಲ್ಲ. 1999ರ ನವೆಂಬರಿನಲ್ಲಿ ತೀರಿಕೊಳ್ಳುವುದಕ್ಕೆ ಕೆಲವೇ ವಾರ ಮುಂಚಿನವರೆಗೂ ರೋಗಿಗಳನ್ನು ನೋಡುತ್ತಿದ್ದರು.

ಮ್ಯಾಸ್ಲಾಕ್ ಮಾತ್ರ ಹಟ ಬಿಡಲಿಲ್ಲ. ಕಲ್ಲಿದ್ದಲ ಗಣಿಗೆ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದ ಕಾಲವನ್ನು ಅವರು ಎತ್ತಿ ಹೇಳುತ್ತಾರೆ. ಹಕ್ಕಿ ಉಸಿರುಗಟ್ಟಿ ಬಿದ್ದರೆ, ಹಕ್ಕಿಯನ್ನು ಗಟ್ಟಿಮುಟ್ಟು ಮಾಡುವುದು ಹೇಗೆಂದು ಯಾರೂ ಕೇಳುತ್ತಿರಲಿಲ್ಲ, ಗಣಿಯ ಗಾಳಿ ನೋಡುತ್ತಿದ್ದರು. ಮೈಕಲ್ ಲೀಟರ್ ಜೊತೆ ಅವರು ನೋಡಬೇಕಾದ ಜಾಗಗಳನ್ನು ಹೆಸರಿಸಿದರು: ಕೆಲಸದ ಹೊರೆ, ಅದರ ಮೇಲಿನ ಹಿಡಿತ, ಸಿಗುವ ಪ್ರತಿಫಲ, ಜೊತೆಯವರು, ನ್ಯಾಯ, ಮೌಲ್ಯ. ತಮ್ಮ ಪ್ರಶ್ನಾವಳಿಯನ್ನೇ ಕಂಪನಿಗಳು ಯಾರು ಸುಟ್ಟಿದ್ದಾರೆ, ಯಾರು ಸುಟ್ಟಿಲ್ಲ ಎಂದು ಒಬ್ಬೊಬ್ಬರಿಗೆ ಚೀಟಿ ಅಂಟಿಸಲು ಬಳಸತೊಡಗಿದಾಗ, ಅದಕ್ಕಲ್ಲ ನಾವು ಇದನ್ನು ಮಾಡಿದ್ದು ಎಂದು ಇಬ್ಬರೂ 2021ರಲ್ಲಿ ಬರೆದರು.

ಬರ್ನ್‌ಔಟ್ ಎಂಬ ಪ್ರತ್ಯೇಕ ಸ್ಥಿತಿ ಇದೆಯೇ ಎಂಬ ವಾದವೂ ಮುಗಿದಿಲ್ಲ. ಇರ್ವಿನ್ ಶಾನ್‌ಫೆಲ್ಡ್, ರೆನ್ಸೊ ಬಿಯಾಂಕಿ ಮೊದಲಾದ ಸಂಶೋಧಕರು ಬರ್ನ್‌ಔಟಿನ ಲಕ್ಷಣಗಳೂ ಖಿನ್ನತೆಯ ಲಕ್ಷಣಗಳೂ ಎಷ್ಟು ಒಂದರ ಮೇಲೊಂದು ಬೀಳುತ್ತವೆಂದು ತೋರಿಸಿ, ಬೇರೆ ಹೆಸರಿಟ್ಟು ಚಿಕಿತ್ಸೆ ತಡ ಮಾಡಬೇಡಿ ಎನ್ನುತ್ತಾರೆ. ತೂಕದ ಮಾತು. ಖಿನ್ನತೆಗೆ ಔಷಧಿ ಇದೆ, ಆಪ್ತಸಲಹೆ ಇದೆ. ಬರ್ನ್‌ಔಟ್ ಅಂದುಕೊಂಡು ರಜೆ ಹಾಕಿ ಮಲಗಿದವನಿಗೆ ಅವೆರಡೂ ತಪ್ಪಿಹೋಗಬಹುದು.

ವಿಶ್ವ ಆರೋಗ್ಯ ಸಂಸ್ಥೆ 2019ರ ಮೇ ತಿಂಗಳಲ್ಲಿ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯ 11ನೆಯ ಆವೃತ್ತಿಗೆ ಒಪ್ಪಿಗೆ ಕೊಟ್ಟಿತು. ಬರ್ನ್‌ಔಟ್ ಈಗ ಅಧಿಕೃತ ರೋಗ ಎಂದು ಪತ್ರಿಕೆಗಳು ಬರೆದವು. ಸಂಸ್ಥೆ ಕೂಡಲೇ ಸ್ಪಷ್ಟನೆ ಹೊರಡಿಸಬೇಕಾಯಿತು: ಇದು ರೋಗವಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ. ಸರಿಯಾಗಿ ನಿಭಾಯಿಸದೆ ಬಿಟ್ಟ, ಬಹುಕಾಲದ ಕೆಲಸದ ಒತ್ತಡದಿಂದ ಬರುವಂಥದ್ದು. ಅದರ ಮೂರು ಮುಖಗಳು ಮ್ಯಾಸ್ಲಾಕ್ ಅವರ ಮೂರು ಗುಂಪುಗಳೇ. ಯಾರು ನಿಭಾಯಿಸದೆ ಬಿಟ್ಟದ್ದು, ದುಡಿಯುವವನೋ ದುಡಿಸುವವನೋ, ಎಂಬುದನ್ನು ಆ ವಾಕ್ಯ ಜಾಣತನದಿಂದ ಹೇಳದೆ ಬಿಟ್ಟಿದೆ. ಉದ್ಯೋಗದ ಹೊರಗಿನ ಬದುಕಿಗೆ ಈ ಪದ ಬಳಸಬಾರದೆಂದೂ ಸಂಸ್ಥೆ ಹೇಳಿದೆ. ಮೊದಲು ಇದು ಕಂಡದ್ದು ಸಂಬಳದ ಪಟ್ಟಿಯಲ್ಲಿ ಹೆಸರೇ ಇಲ್ಲದವರಲ್ಲಿ ಎಂಬುದು ಅದನ್ನು ಬರೆದವರಿಗೆ ನೆನಪಾಯಿತೋ ಇಲ್ಲವೋ.

ಕರ್ನಾಟಕದಲ್ಲಿ ಬರ್ನ್‌ಔಟ್ ಅಂದರೆ ನಮಗೆ ತಟ್ಟನೆ ನೆನಪಾಗುವುದು ಬೆಂಗಳೂರಿನ ಐಟಿ ಕಚೇರಿ. ಅದು ತಪ್ಪಲ್ಲ. ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ ಹೇಳಿದ್ದು, ಮರುವರ್ಷದ ಜುಲೈನಲ್ಲಿ ಐಟಿ ನೌಕರರನ್ನು ದಿನಕ್ಕೆ 14 ಗಂಟೆವರೆಗೆ ದುಡಿಸಿಕೊಳ್ಳಲು ಎಡೆಮಾಡುವ ತಿದ್ದುಪಡಿಯ ಪ್ರಸ್ತಾಪಕ್ಕೆ ನೌಕರರ ಸಂಘ ತಿರುಗಿಬಿದ್ದದ್ದು, ಎರಡೂ ಊರೆಲ್ಲ ಚರ್ಚೆಯಾದವು. ಆದರೆ ಸೇಂಟ್ ಮಾರ್ಕ್ಸ್‌ನವರಿಗೆ ಹತ್ತಿರದ ನಂಟರು ನಮ್ಮಲ್ಲಿ ಬೇರೆ ಇದ್ದಾರೆ. ಹೆರಿಗೆ ನೋವು ಬಂದವಳನ್ನು ರಾತ್ರಿಯಲ್ಲೂ ಆಸ್ಪತ್ರೆಗೆ ಕರೆದೊಯ್ಯುವ, ಲಸಿಕೆಗೆ ಮನೆಮನೆ ತಿರುಗುವ, ಕೋವಿಡ್ಡಿನಲ್ಲಿ ಸೋಂಕಿತರ ಪಟ್ಟಿ ಹಿಡಿದು ಓಣಿ ಸುತ್ತಿದ ಆಶಾ ಕಾರ್ಯಕರ್ತೆ ಸರ್ಕಾರದ ಕಡತದಲ್ಲಿ ನೌಕರಳಲ್ಲ, ಸ್ವಯಂಸೇವಕಿ. ಅವಳಿಗೆ ಬರುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. ಬರ್ನ್‌ಔಟನ್ನು ಉದ್ಯೋಗದ ವಿದ್ಯಮಾನವೆಂದು ಬರೆದ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿ 1ರಂದು. ಅದೇ ವರ್ಷದ ಮೇ ತಿಂಗಳಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆಲ್ಲ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ನಮ್ಮ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತಾಗ ಕೇಳಿದ್ದು ಪ್ರಶಸ್ತಿಯನ್ನಲ್ಲ, ತಿಂಗಳಿಗೆ ಇಂತಿಷ್ಟು ಎಂದು ಖಚಿತವಾಗಿ ಕೈಗೆ ಸೇರುವ ಹಣವನ್ನು.